ಗ್ರೀಕರೆಂದರೆ ಯಾರು? ಹ್ಯಾಲಿಕಾರ್ನಾಸಸ್‌ನಿಂದ ಕಾರ್ಲೆಯವರೆಗೆ

ಕಳೆದ ತಿಂಗಳ ನಮ್ಮ ಬಳಗದ ಬೈಠಕ್ಕಿನಲ್ಲಿ ಮಾತು ಎಲ್ಲಿಂದಲೋ ಆರಂಭವಾಗಿ, ಹೊರನಾಡಿನಲ್ಲಿ ಕನ್ನಡಿಗನಾಗಿ ಉಳಿಯುವುದೆಂದರೇನು ಎಂಬಲ್ಲಿಗೆ ಬಂದು ನಿಂತಿತು. ನಮ್ಮ ಸಭೆಗಳಲ್ಲಿ ಮಾತು ಅಲ್ಲಿಗೆ ಬಂದು ನಿಲ್ಲುವುದು ಹೊಸತೇನಲ್ಲ. ಹಿರಿಯ ಸದಸ್ಯರೊಬ್ಬರು ಪ್ರಾಚೀನ ಗ್ರೀಕರ ಉದಾಹರಣೆ ಕೊಟ್ಟರು. ಗ್ರೀಕರು ನೂರಾರು ಊರುಗಳಲ್ಲಿ ಚದುರಿಹೋಗಿದ್ದರೂ ಒಂದೇ ರಕ್ತ, ಒಂದೇ ಭಾಷೆ, ಒಂದೇ ದೇವರು, ಒಂದೇ ನಡಾವಳಿ ಎಂದು ಗಟ್ಟಿಯಾಗಿ ನಿಂತರು, ಆದ್ದರಿಂದಲೇ ಪರ್ಷಿಯದಂಥ ಸಾಮ್ರಾಜ್ಯವನ್ನು ಎದುರಿಸಿ ಉಳಿದರು; ನಮ್ಮಲ್ಲಿ ಆ ಗಟ್ಟಿತನವಿಲ್ಲ, ಆದ್ದರಿಂದಲೇ ನಮ್ಮ ಮಕ್ಕಳ ನಾಲಗೆಯ ಮೇಲೆ ಕನ್ನಡ ಸವೆಯುತ್ತಿದೆ ಎಂಬುದು ಅವರ ವಾದ. ನನಗೆ ಆಗಲೇ ಏನೋ ಹೇಳಬೇಕೆನಿಸಿತು. ಊಟದ ಹೊತ್ತಾಗಿತ್ತು, ಸುಮ್ಮನಾದೆ. ಮನೆಗೆ ಬಂದವನೇ, ಎಂ.ಎ. ಓದುವಾಗ ಕೊಂಡಿದ್ದ ಹೆರೊಡೋಟಸನ ಇಂಗ್ಲಿಷ್ ಅನುವಾದವನ್ನು ಕಪಾಟಿನಿಂದ ತೆಗೆದೆ. ನನ್ನ ವರ್ಗಾವಣೆಗಳನ್ನೆಲ್ಲ ನನ್ನೊಡನೆ ಅನುಭವಿಸಿ ಬೆನ್ನು ಮುರಿದುಕೊಂಡ ಪುಸ್ತಕ ಅದು. ಅಂದು ಹೇಳದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯರು ಹೇಳಿದ ನಾಲ್ಕು ಲಕ್ಷಣಗಳು ಅವರ ಸ್ವಂತದ್ದಲ್ಲ. ಅವು ಹೆರೊಡೋಟಸನ ಎಂಟನೆಯ ಪುಸ್ತಕದಲ್ಲಿವೆ. ಅವು ಯಾವ ಸಂದರ್ಭದಲ್ಲಿ ಬಂದವು ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಸೋತ ಪರ್ಷಿಯದ ದೊರೆ ಕ್ಸೆರ್ಕ್ಸೀಸ್ ತನ್ನ ದೇಶಕ್ಕೆ ಮರಳಿದ್ದ. ಅವನ ಸೇನಾಪತಿ ಮಾರ್ಡೋನಿಯಸ್ ಸೈನ್ಯದೊಡನೆ ಥೆಸಲಿಯಲ್ಲಿ ಚಳಿಗಾಲ ಕಳೆಯುತ್ತಿದ್ದ. ಆತ ಅಥೆನ್ಸಿಗೆ ಒಂದು ಸಂಧಾನ ಕಳುಹಿಸಿದ: ನಮ್ಮ ಕಡೆಗೆ ಬಂದರೆ ಹಳೆಯದನ್ನೆಲ್ಲ ಮರೆಯುತ್ತೇವೆ, ಸುಟ್ಟ ದೇವಾಲಯಗಳನ್ನು ಕಟ್ಟಿಸಿಕೊಡುತ್ತೇವೆ. ಸುದ್ದಿ ತಿಳಿದು ಗಾಬರಿಗೊಂಡ ಸ್ಪಾರ್ಟಾ ತನ್ನ ದೂತರನ್ನೂ ಓಡಿಸಿತು. ಅಥೆನ್ಸಿನವರು ಇಬ್ಬರ ಮಾತನ್ನೂ ಒಂದೇ ಸಭೆಯಲ್ಲಿ ಕೇಳಿದರು. ಪರ್ಷಿಯದ ಪ್ರಸ್ತಾಪವನ್ನು ತಿರಸ್ಕರಿಸಿ ಸ್ಪಾರ್ಟಾದವರ ಕಡೆಗೆ ತಿರುಗಿ, ನಾವು ಗ್ರೀಕರಿಗೆ ದ್ರೋಹ ಬಗೆಯಲಾರೆವು, ಏಕೆಂದರೆ ನಮ್ಮೆಲ್ಲರದು ಒಂದೇ ರಕ್ತ, ಒಂದೇ ನುಡಿ, ಸಮಾನವಾದ ದೇವಾಲಯ ಮತ್ತು ಬಲಿಪೂಜೆ, ಒಂದೇ ಬಗೆಯ ನಡೆನುಡಿ ಎಂಬರ್ಥದ ಮಾತನ್ನಾಡಿದರು. ಮಾತು ಭವ್ಯವಾಗಿದೆ, ಅನುಮಾನವಿಲ್ಲ. ಆದರೆ ಇದು ವ್ಯಾಖ್ಯೆಯಲ್ಲ, ಅನುಮಾನಿಸುತ್ತಿರುವ ಮಿತ್ರನಿಗೆ ಕೊಟ್ಟ ಭರವಸೆ. ಮರುವರ್ಷ ಸ್ಪಾರ್ಟಾದ ಸೈನ್ಯ ಬರುವುದು ತಡವಾಗಿ ಅಥೆನ್ಸ್ ಎರಡನೆಯ ಬಾರಿ ಪರ್ಷಿಯನ್ನರ ವಶವಾದಾಗ, ಇದೇ ಅಥೆನ್ಸಿನ ದೂತರು ಸ್ಪಾರ್ಟಾಕ್ಕೆ ಹೋಗಿ, ಹೀಗಾದರೆ ನಾವು ಪರ್ಷಿಯದೊಡನೆ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ ಎಂದು ಎಚ್ಚರಿಸಿದರೆಂಬುದನ್ನೂ ಹೆರೊಡೋಟಸನೇ ಬರೆದಿದ್ದಾನೆ.

ಇನ್ನು ಒಂದೇ ರಕ್ತದ ಮಾತು. ಪರ್ಷಿಯದ ಸಂದೇಶವನ್ನು ಹೊತ್ತು ಅಥೆನ್ಸಿಗೆ ಬಂದಿದ್ದವನು ಮ್ಯಾಸಿಡೋನಿಯದ ದೊರೆ ಅಲೆಕ್ಸಾಂಡರ್. ನಮ್ಮ ಪಠ್ಯಪುಸ್ತಕಗಳ ಅಲೆಕ್ಸಾಂಡರನಲ್ಲ, ಅವನಿಗಿಂತ ನೂರೈವತ್ತು ವರ್ಷ ಹಿಂದಿನ ಪೂರ್ವಜ. ಈತ ಒಮ್ಮೆ ಒಲಿಂಪಿಯದ ಓಟದ ಸ್ಪರ್ಧೆಗೆ ಹೋಗಿದ್ದಾಗ ಉಳಿದ ಸ್ಪರ್ಧಿಗಳು ಆಕ್ಷೇಪಿಸಿದರು. ಸ್ಪರ್ಧೆ ಗ್ರೀಕರಿಗೆ ಮಾತ್ರ, ಇವನು ಗ್ರೀಕನಲ್ಲ ಎಂಬುದು ಅವರ ತಕರಾರು. ಅಲೆಕ್ಸಾಂಡರ್ ತನ್ನ ಮನೆತನ ಆರ್ಗೋಸ್ ನಗರದಿಂದ ಬಂದದ್ದೆಂದು ವಂಶಾವಳಿ ಮುಂದಿಟ್ಟ. ತೀರ್ಪುಗಾರರು ಒಪ್ಪಿದರು, ಆತ ಓಡಿ ಮೊದಲಿಗನೊಡನೆ ಸಮನಾಗಿ ಗುರಿ ಮುಟ್ಟಿದ. ಅಂದರೆ ಗ್ರೀಕತನವೆಂಬುದು ಅರ್ಜಿ ಹಾಕಿ, ದಾಖಲೆ ಒದಗಿಸಿ, ಸಕ್ಷಮ ಪ್ರಾಧಿಕಾರದಿಂದ ಮಂಜೂರು ಮಾಡಿಸಿಕೊಳ್ಳಬಹುದಾದ ಸಂಗತಿಯೂ ಆಗಿತ್ತು. ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನನಗೆ ಈ ಪ್ರಸಂಗ ಬಹಳ ಪ್ರಿಯವಾದದ್ದು. ಆ ಮಂಜೂರಾತಿ ಅವನ ವಂಶಕ್ಕೆ ಶಾಶ್ವತವಾಗಿಯೂ ಉಳಿಯಲಿಲ್ಲ. ಕ್ರಿ.ಪೂ. 341ರಲ್ಲಿ ಡೆಮೊಸ್ತನೀಸ್ ಎಂಬ ವಾಗ್ಮಿ ಅದೇ ವಂಶದ ಫಿಲಿಪ್‌ನನ್ನು ಗ್ರೀಕನಲ್ಲವೆಂದು ಮಾತ್ರವಲ್ಲ, ಹೇಳಿಕೊಳ್ಳಬಹುದಾದ ಊರಿನ ಅನ್ಯನೂ ಅಲ್ಲವೆಂದು ಜರಿದ. ಆ ಹೊತ್ತಿಗಾಗಲೇ ಫಿಲಿಪ್‌ನ ಕುದುರೆ ಒಲಿಂಪಿಯದಲ್ಲಿ ಗೆದ್ದಾಗಿತ್ತು.

ಅಥೆನ್ಸಿನವರ ರಕ್ತವನ್ನೇ ನೋಡೋಣ. ತಾವು ಎಲ್ಲಿಂದಲೂ ವಲಸೆ ಬಂದವರಲ್ಲ, ಆ ನೆಲದಿಂದಲೇ ಹುಟ್ಟಿದವರು ಎಂಬುದು ಅವರ ಹೆಮ್ಮೆ. ಹೆರೊಡೋಟಸ್ ತನ್ನ ಮೊದಲ ಪುಸ್ತಕದಲ್ಲಿ ಈ ಹೆಮ್ಮೆಯನ್ನು ಶಾಂತವಾಗಿ ಅದರ ತರ್ಕದ ಕೊನೆಯವರೆಗೆ ಒಯ್ಯುತ್ತಾನೆ. ಆ ನೆಲದ ಮೂಲನಿವಾಸಿಗಳು ಪೆಲಾಸ್ಗಿಯನ್ನರು. ಅವರ ಭಾಷೆ ಗ್ರೀಕ್ ಆಗಿರಲಿಲ್ಲ. ಹಾಗಿದ್ದರೆ ಅಥೆನ್ಸಿನವರು ಮೂಲತಃ ಗ್ರೀಕರಲ್ಲ, ಗ್ರೀಕರಾದಾಗ ಭಾಷೆಯನ್ನು ಬದಲಾಯಿಸಿಕೊಂಡವರು! ಒಂದೇ ರಕ್ತವೆಂದು ಸ್ಪಾರ್ಟಾಕ್ಕೆ ಭರವಸೆ ಕೊಟ್ಟವರ ಬಗ್ಗೆ, ಆ ಭರವಸೆಯನ್ನು ದಾಖಲಿಸಿದ ಲೇಖಕನೇ ಬರೆದ ಮಾತಿದು. ಏಳು ಪುಸ್ತಕಗಳ ಅಂತರದಲ್ಲಿ ಆತ ತನ್ನ ಮಾತನ್ನು ಮರೆತ ಎಂದು ನನಗೆ ಅನಿಸುವುದಿಲ್ಲ. ಜನ ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಾರೆ ಎಂಬುದನ್ನೂ, ತಾನು ವಿಚಾರಿಸಿ ಏನು ಕಂಡೆ ಎಂಬುದನ್ನೂ ಬೇರೆ ಬೇರೆಯಾಗಿ ಬರೆದಿಡುವುದು ಅವನ ಪದ್ಧತಿ.

ಆ ಪದ್ಧತಿಗೆ ಅವನ ಹುಟ್ಟೂರೂ ಒಂದು ಕಾರಣವಿರಬೇಕು. ಹೆರೊಡೋಟಸ್ ಹುಟ್ಟಿದ್ದು ಹ್ಯಾಲಿಕಾರ್ನಾಸಸ್‌ನಲ್ಲಿ, ಇಂದಿನ ತುರ್ಕಿಯ ಬೋದ್ರುಮ್. ಅದು ಡೋರಿಯನ್ ಗ್ರೀಕರು ಕೇರಿಯನ್ನರ ನೆಲದಲ್ಲಿ ಕಟ್ಟಿದ ಊರು. ಆದರೆ ಐದನೆಯ ಶತಮಾನದ ಹೊತ್ತಿಗೆ ಅಲ್ಲಿನ ಸರ್ಕಾರಿ ಶಾಸನಗಳು ಡೋರಿಯನ್ ಗ್ರೀಕಿನಲ್ಲಿಲ್ಲ, ಅಯೋನಿಯನ್ ಗ್ರೀಕಿನಲ್ಲಿವೆ. ಶಾಸನದ ಹೆಸರುಗಳ ಪಟ್ಟಿಯಲ್ಲಿ ತಂದೆಯದು ಕೇರಿಯನ್ ಹೆಸರು, ಮಗನದು ಗ್ರೀಕ್. ಮುಂದಿನ ಸಾಲಿನಲ್ಲಿ ತಂದೆಯದು ಗ್ರೀಕ್, ಮಗನದು ಕೇರಿಯನ್. ಹೆರೊಡೋಟಸನ ತಂದೆ ಲಿಕ್ಸೀಸ್. ಬಂಧು ಪನಿಯಾಸಿಸ್ ಹೆಸರಾಂತ ಮಹಾಕವಿ. ಎರಡೂ ಕೇರಿಯನ್ ಹೆಸರುಗಳೆಂದೇ ವಿದ್ವಾಂಸರು ಎಣಿಸುತ್ತಾರೆ. ಸಲಾಮಿಸ್‌ನಲ್ಲಿ ಹ್ಯಾಲಿಕಾರ್ನಾಸಸ್‌ನ ಹಡಗುಗಳು ಹೋರಾಡಿದ್ದು ಪರ್ಷಿಯದ ಪರವಾಗಿ, ರಾಣಿ ಆರ್ಟಮೀಸಿಯಳ ನಾಯಕತ್ವದಲ್ಲಿ. ಕ್ಸೆರ್ಕ್ಸೀಸನಿಗೆ ಎಲ್ಲರಿಗಿಂತ ಒಳ್ಳೆಯ ಸಲಹೆ ಕೊಟ್ಟವಳು ಆಕೆಯೇ ಎಂದು ಹೆರೊಡೋಟಸ್ ಮೆಚ್ಚುಗೆ ಮುಚ್ಚಿಡದೆ ಬರೆಯುತ್ತಾನೆ. ಕೆಲವು ಶತಮಾನಗಳ ನಂತರ ಪ್ಲೂಟಾರ್ಕ್ ಅವನನ್ನು ಅನ್ಯರ ಮೋಹಿ ಎಂದು ಬೈದ.

ಸಲಾಮಿಸ್ ಮತ್ತು ಪ್ಲಟೀಯ ಯುದ್ಧಗಳಲ್ಲಿ ಗ್ರೀಕರೆಲ್ಲ ಒಂದಾಗಿ ನಿಂತರೆಂಬ ಮಾತೂ ಅರ್ಧ ಸತ್ಯವೇ. ವಿಜಯದ ನಂತರ ಡೆಲ್ಫಿಯಲ್ಲಿ ನೆಟ್ಟ ಕಂಚಿನ ಸರ್ಪಸ್ತಂಭದ ಮೇಲೆ ಹೋರಾಡಿದ ನಗರಗಳ ಹೆಸರುಗಳಿವೆ. ಆ ಸ್ತಂಭ ಈಗ ಇಸ್ತಾಂಬುಲ್‌ನಲ್ಲಿದೆ, ಸರ್ಪಗಳ ತಲೆ ಹೋಗಿದೆ, ಹೆಸರುಗಳು ಉಳಿದಿವೆ. ಎಣಿಸಿದರೆ 31. ನೂರಾರು ಗ್ರೀಕ್ ನಗರಗಳಲ್ಲಿ ಮೂವತ್ತೊಂದು. ಥೀಬ್ಸ್ ಎದುರುಪಕ್ಷದಲ್ಲಿತ್ತು, ಥೆಸಲಿಯೂ ಹಾಗೆಯೇ, ಉಳಿದ ಎಷ್ಟೋ ಊರುಗಳು ಗಾಳಿ ಬಂದತ್ತ ನೋಡುತ್ತ ಕುಳಿತಿದ್ದವು.

ಹೋಮರನ ಕಾವ್ಯದಲ್ಲಿ ಟ್ರಾಯ್‌ಗೆ ಹೋದವರಿಗೆಲ್ಲ ಅಕೀಯರು, ಆರ್ಗೈವರು, ದನಾಯರು ಎಂಬ ಹೆಸರುಗಳಿವೆ. ಹೆಲೆನ್ನರು ಎಂದರೆ ಅಲ್ಲಿ ಥೆಸಲಿಯ ಒಂದು ಮೂಲೆಯ ಜನ ಮಾತ್ರ. ಇದನ್ನು ಗಮನಿಸಿದವನು ಥುಸಿಡಿಡೀಸ್. (ಆತನ ತಂದೆಯ ಹೆಸರು ಒಲೋರಸ್, ಅದು ಥ್ರೇಸಿನ ಹೆಸರು.) ಹಾಗಾದರೆ ಸ್ಪಾರ್ಟಾದವನೂ ಮಿಲೀಟಸ್‌ನವನೂ ಲೆಸ್ಬೋಸ್‌ನವನೂ ತಾವೆಲ್ಲ ಒಂದೇ ಹೆಸರಿಗೆ ಸೇರಿದವರೆಂದು ಕಂಡುಕೊಂಡದ್ದು ಎಲ್ಲಿ? ಒಲಿಂಪಿಯ, ಡೆಲ್ಫಿಯಂಥ ಕ್ಷೇತ್ರಗಳು ಒಂದು ಉತ್ತರ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವ ಇನ್ನೊಂದು ಉತ್ತರ ಗ್ರೀಸಿನ ಹೊರಗಿದೆ, ನೈಲ್ ನದಿಯ ಮುಖಜ ಭೂಮಿಯಲ್ಲಿ.

ಈಜಿಪ್ಟಿನ ಅರಸ ಅಮಾಸಿಸ್ ಕ್ರಿ.ಪೂ. ಆರನೆಯ ಶತಮಾನದಲ್ಲಿ ಗ್ರೀಕ್ ವರ್ತಕರಿಗೆ ನೌಕ್ರಾಟಿಸ್ ಎಂಬ ಊರನ್ನು ಬಿಟ್ಟುಕೊಟ್ಟ. ಅಲ್ಲಿ ಒಂಬತ್ತು ನಗರಗಳವರು ಕೂಡಿ ಒಂದು ದೇವಾಲಯ ಕಟ್ಟಿದರು: ನಾಲ್ಕು ಅಯೋನಿಯನ್ ನಗರಗಳು, ನಾಲ್ಕು ಡೋರಿಯನ್, ಒಂದು ಈಯೋಲಿಯನ್. ಹ್ಯಾಲಿಕಾರ್ನಾಸಸ್ ಆ ನಾಲ್ಕು ಡೋರಿಯನ್ ನಗರಗಳಲ್ಲೊಂದು. ದೇವಾಲಯಕ್ಕೆ ಇಟ್ಟ ಹೆಸರು ಹೆಲೆನಿಯನ್, ಅಂದರೆ ಗ್ರೀಕರೆಲ್ಲರ ಗುಡಿ. 1884ರಲ್ಲಿ ಫ್ಲಿಂಡರ್ಸ್ ಪೆಟ್ರಿ ಈ ಊರನ್ನು ಪತ್ತೆಹಚ್ಚಿದ. ಮುಂದಿನ ಉತ್ಖನನಗಳಲ್ಲಿ ಅಲ್ಲಿ ಸಿಕ್ಕ ಮಡಕೆಯ ಚೂರುಗಳ ಮೇಲೆ ಗ್ರೀಕರ ದೇವರುಗಳಿಗೆ ಎಂಬ ಅರ್ಪಣೆಯ ಅಕ್ಷರಗಳಿವೆ. ತಮ್ಮ ಊರಿನಲ್ಲಿ ಯಾರೂ ಗ್ರೀಕರ ದೇವರಿಗೆ ಎಂದು ಬರೆಯುವುದಿಲ್ಲ. ಅಪೋಲೋಗೆ, ಹೀರಾಳಿಗೆ ಎಂದು ಬರೆಯುತ್ತಾರೆ. ಸುತ್ತ ಈಜಿಪ್ಟಿನ ದೇವರುಗಳಿರುವ ಊರಿನಲ್ಲಿ ಮಾತ್ರ ಗ್ರೀಕರ ದೇವರುಗಳು ಎಂಬ ಮಾತಿಗೆ ಅರ್ಥ ಬರುತ್ತದೆ. ಧಾರವಾಡದವರು, ಮೈಸೂರಿನವರು, ಮಂಗಳೂರಿನವರು ಎಂದು ಬೇರೆ ಬೇರೆಯಾಗಿ ಊರು ಬಿಟ್ಟು, ಮಾಟುಂಗಾದಲ್ಲೋ ಕರೋಲ್‌ಬಾಗಿನಲ್ಲೋ ಕನ್ನಡಿಗರಾಗಿ ಒಂದೇ ಚಾಪೆಯ ಮೇಲೆ ಕುಳಿತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲೂ ಎಲ್ಲರೂ ಕೂಡಲಿಲ್ಲವೆಂಬುದನ್ನೂ ಹೇಳಬೇಕು: ಈಜೈನಾ, ಸೇಮೋಸ್, ಮಿಲೀಟಸ್‌ನವರು ತಂತಮ್ಮ ಪ್ರತ್ಯೇಕ ಗುಡಿ ಕಟ್ಟಿಕೊಂಡರು. ಎರಡು ಸಂಘಗಳಿಲ್ಲದ ಊರು ಆಗಲೂ ಇರಲಿಲ್ಲ.

ಅಮಾಸಿಸ್‌ಗಿಂತ ಸ್ವಲ್ಪ ಮೊದಲಿನ ಇನ್ನೊಂದು ಸಾಕ್ಷ್ಯ ನೈಲ್ ನದಿಯ ಮೇಲ್ಭಾಗದಲ್ಲಿದೆ. ಅಬು ಸಿಂಬೆಲ್‌ನ ಎರಡನೆಯ ರಾಮ್ಸೆಸ್ ವಿಗ್ರಹದ ಕಾಲಿನ ಮೇಲೆ, ಕ್ರಿ.ಪೂ. 590ರ ಆಸುಪಾಸಿನಲ್ಲಿ ಈಜಿಪ್ಟಿನ ಸೈನ್ಯದಲ್ಲಿ ಕೂಲಿಗೆ ಹೋರಾಡುತ್ತಿದ್ದ ಗ್ರೀಕ್ ಸೈನಿಕರು ತಮ್ಮ ಹೆಸರು ಕೆತ್ತಿದ್ದಾರೆ. ಪ್ರವಾಸಿಗಳ ಈ ಚಟ ಇಂದಿನದಲ್ಲ. ದಂಡಯಾತ್ರೆ ಎಲ್ಲಿಯವರೆಗೆ ಹೋಯಿತು, ಯಾರು ಯಾವ ದಳವನ್ನು ನಡೆಸಿದರು ಎಂದು ಅವರು ಬರೆದಿದ್ದಾರೆ. ಈಜಿಪ್ಟಿನವರ ದಳಕ್ಕೆ ಒಬ್ಬ ನಾಯಕ, ಅನ್ಯಭಾಷಿಕರ ದಳಕ್ಕೆ ಪೊಟಾಸಿಂಟೊ ಎಂಬ ಇನ್ನೊಬ್ಬ. ಆ ಅನ್ಯಭಾಷಿಕರು ಬೇರೆ ಯಾರೂ ಅಲ್ಲ, ಬರೆಯುತ್ತಿರುವವರೇ. ಲೋಕವನ್ನು ಗ್ರೀಕರು ಮತ್ತು ಅನ್ಯರು ಎಂದು ಎರಡಾಗಿ ಸೀಳಿದ ಜನರೇ, ಗ್ರೀಕ್ ಅಕ್ಷರಗಳಲ್ಲಿ, ಗ್ರೀಕ್ ಭಾಷೆಯಲ್ಲಿ, ತಮ್ಮನ್ನು ಅನ್ಯಭಾಷಿಕರೆಂದು ಕರೆದುಕೊಂಡಿದ್ದಾರೆ. ಸಂಬಳ ಕೊಡುವವನ ಕಚೇರಿಯ ಭಾಷೆಯಲ್ಲಿ ಅವರ ಹೆಸರು ಅದೇ ಆಗಿತ್ತು. ಅವರ ನಾಯಕರಲ್ಲೊಬ್ಬ ಥಿಯೋಕ್ಲೀಸನ ಮಗ. ಅಪ್ಪನದು ಗ್ರೀಕ್ ಹೆಸರು, ಮಗನ ಹೆಸರು ಸಮ್ಮೆಟಿಕಸ್, ಈಜಿಪ್ಟಿನ ರಾಜನದೇ ಹೆಸರು. ವಲಸೆ ಹೋದ ಊರಿನಲ್ಲಿ ಮಗನಿಗೆ ಆ ಊರಿನ ಹೆಸರಿಟ್ಟ ಅಪ್ಪಂದಿರು ಆಗಲೂ ಇದ್ದರು.

ಹೊರಗಿನವರು ಇಡುವ ಹೆಸರಿಗೆ ತನ್ನದೇ ಆದ ಶಕ್ತಿಯಿದೆ. ಪರ್ಷಿಯನ್ನರು ಮೊದಲು ಕಂಡದ್ದು ಅಯೋನಿಯನ್ನರನ್ನು, ಆದ್ದರಿಂದ ಗ್ರೀಕರೆಲ್ಲರನ್ನೂ ಯೌನರೆಂದು ಕರೆದರು. ಅದೇ ಹೆಸರು ನಮ್ಮಲ್ಲಿ ಯವನವಾಯಿತು. ಸ್ಪಾರ್ಟಾದವನಿಗೆ ತನ್ನನ್ನು ಅಯೋನಿಯನ್ ಎಂದರೆ ಮೈಯುರಿಯುತ್ತಿತ್ತು. ದೆಹಲಿಯಲ್ಲಿ ಮದ್ರಾಸಿ ಎನಿಸಿಕೊಂಡ ಬಿಜಾಪುರದವರು ಅವನ ಕಷ್ಟವನ್ನು ಊಹಿಸಬಲ್ಲರು.

ಅಯೋನಿಯನ್ನರಲ್ಲೂ ಮಿಲೀಟಸ್‌ನ ಕುಲೀನರಿಗೆ ತಾವೇ ಎಲ್ಲರಿಗಿಂತ ಶುದ್ಧರೆಂಬ ಭಾವನೆಯಿತ್ತು. ಅಥೆನ್ಸಿನಿಂದಲೇ ನೇರವಾಗಿ ಹೊರಟುಬಂದವರ ವಂಶ ತಮ್ಮದೆಂದು ಅವರು ಹೇಳಿಕೊಳ್ಳುತ್ತಿದ್ದರು. ಹೆರೊಡೋಟಸ್ ಇದಕ್ಕೆ ಒಂದು ಅಡಿಟಿಪ್ಪಣಿಯಂಥ ಕಥೆ ಸೇರಿಸುತ್ತಾನೆ. ಆ ಮೊದಲಿಗರು ಹೆಂಡತಿಯರನ್ನು ಕರೆತರಲಿಲ್ಲ. ಅಲ್ಲಿದ್ದ ಕೇರಿಯನ್ ಗಂಡಸರನ್ನು ಕೊಂದು ಅವರ ಹೆಂಗಸರನ್ನು ಇಟ್ಟುಕೊಂಡರು. ಆ ಹೆಂಗಸರು ಒಂದು ಶಪಥ ಮಾಡಿದರು, ಅದನ್ನು ತಮ್ಮ ಹೆಣ್ಣುಮಕ್ಕಳಿಗೂ ದಾಟಿಸಿದರು: ಗಂಡನೊಡನೆ ಕುಳಿತು ಉಣ್ಣುವುದಿಲ್ಲ, ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ. ನಮ್ಮ ಅಜ್ಜಿ ಬದುಕಿನುದ್ದಕ್ಕೂ ಅಜ್ಜನ ಹೆಸರು ಹೇಳಿದವಳಲ್ಲ, ಅವನಿಗೆ ಬಡಿಸಿ ಆಮೇಲೆ ಉಂಡವಳು. ಅವಳಿಗೆ ಅದು ಪತಿಭಕ್ತಿ. ಮಿಲೀಟಸ್‌ನಲ್ಲಿ ಹೊರಗಿನವರೂ ಅದನ್ನು ಪತಿಭಕ್ತಿಯೆಂದೇ ತಿಳಿದಿರಬಹುದು. ಎರಡಕ್ಕೂ ಸಂಬಂಧ ಕಲ್ಪಿಸುವುದು ನನ್ನ ಉದ್ದೇಶವಲ್ಲ. ಶುದ್ಧ ರಕ್ತದ ಮನೆಗಳ ಒಳಗೆ, ತಾಯಿಯಿಂದ ಮಗಳಿಗೆ, ತಲೆಮಾರುಗಳವರೆಗೆ ಇನ್ನೊಂದು ನೆನಪು ಬಾಯಿ ಮುಚ್ಚಿಕೊಂಡೇ ಬದುಕಿತ್ತು ಎಂಬುದು ಮನಸ್ಸಿನಿಂದ ಹೋಗುವುದಿಲ್ಲ.

ಭಾಷೆಯ ಮಾತಿಗೆ ಬಂದರೆ, ಒಂದು ಗ್ರೀಕ್ ಎಂಬುದೇ ಆ ಕಾಲದಲ್ಲಿರಲಿಲ್ಲ. ಡೋರಿಯನ್, ಅಯೋನಿಯನ್, ಈಯೋಲಿಯನ್, ಆರ್ಕೇಡಿಯ ಮತ್ತು ಸೈಪ್ರಸ್‌ನ ಗ್ರೀಕ್, ಹೀಗೆ ಹಲವು ಇದ್ದವು. ಸೈಪ್ರಸ್‌ನವರು ಗ್ರೀಕನ್ನು ಬೇರೆಯೇ ಲಿಪಿಯಲ್ಲಿ ಬರೆಯುತ್ತಿದ್ದರು. ಇವುಗಳನ್ನು ಒಂದು ಮಾಡುವ ಅವಸರವೂ ಅವರಿಗಿದ್ದಂತಿಲ್ಲ. ಡೋರಿಯನ್ ದ್ವೀಪವಾದ ಕೋಸ್‌ನ ಹಿಪೊಕ್ರಟೀಸನ ಹೆಸರಿನ ವೈದ್ಯಗ್ರಂಥಗಳೆಲ್ಲ ಅಯೋನಿಯನ್ನಿನಲ್ಲಿವೆ. ಅಥೆನ್ಸಿನ ದುರಂತ ನಾಟಕದಲ್ಲಿ ಪಾತ್ರಗಳು ಅಥೆನ್ಸಿನ ಮಾತನಾಡುತ್ತಿದ್ದಂತೆ ಮೇಳದವರ ಹಾಡು ಡೋರಿಯನ್ ಛಾಯೆಗೆ ಹೊರಳುತ್ತದೆ, ಅದೂ ಸ್ಪಾರ್ಟಾದೊಡನೆ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ. ಹಾಸ್ಯನಾಟಕದ ದಾರಿ ಬೇರೆ. ಅರಿಸ್ಟೋಫನೀಸನ ರಂಗದ ಮೇಲೆ ಮೆಗಾರದವನು ಮೆಗಾರದ ಮಾತಿನಲ್ಲೂ ಥೀಬ್ಸಿನವನು ಅಲ್ಲಿಯ ಮಾತಿನಲ್ಲೂ ವ್ಯಾಪಾರ ಮಾಡುತ್ತಾರೆ, ಪ್ರೇಕ್ಷಕರು ನಗುತ್ತಾರೆ. ಪರ್ಷಿಯದ ರಾಯಭಾರಿ ಬಂದರೆ ಅರ್ಥವಿಲ್ಲದ ಧ್ವನಿಗಳನ್ನು ಹೊರಡಿಸುತ್ತಾನೆ, ಇನ್ನೂ ಹೆಚ್ಚು ನಗುತ್ತಾರೆ. ಬಾರ್ಬರೋಸ್ ಎಂಬ ಪದದ ಮೂಲವೇ ಇದು: ಬರ್ ಬರ್ ಎಂದು ಕೇಳುವ ಮಾತಿನವನು.

ಇಲ್ಲಿ ನಮಗೊಂದು ಖಾಸಗಿ ವಿಷಯವಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಮರಳಿನಿಂದ ಬಂದು 1903ರಲ್ಲಿ ಪ್ರಕಟವಾದ ಪಪೈರಸ್ ಪ್ರಹಸನವೊಂದರ ವಿಷಯ ಕನ್ನಡ ಓದುಗರಿಗೆ ಗೊತ್ತಿದ್ದದ್ದೇ. ಕಾರಿಟಿಯಾನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕರಾವಳಿಯಲ್ಲಿ ಸೆರೆಯಾಗಿರುತ್ತಾಳೆ. ಅಣ್ಣನೂ ವಿದೂಷಕನೂ ಬಂದು, ಸ್ಥಳೀಯ ದೊರೆಗೂ ಅವನ ಜನರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ದೊರೆಯ ಕಡೆಯವರು ಆಡುವ ಮಾತು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದ, ಆರ್. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ನಮ್ಮ ಭಾಷೆಯ ಪ್ರಾಚೀನತೆಗೆ ಇದು ಸಾಕ್ಷಿಯೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದು ಕನ್ನಡವೇ ಆಗಿದ್ದರೂ ಆ ನಾಟಕದಲ್ಲಿ ಅದಕ್ಕಿರುವ ಕೆಲಸ ಒಂದೇ: ಈಜಿಪ್ಟಿನ ಗ್ರೀಕ್ ಪ್ರೇಕ್ಷಕರನ್ನು ನಗಿಸುವುದು. ಬರ್ ಬರ್ ಎನ್ನುತ್ತ ಕುಡಿದು ಬೀಳುವವರು ನಾವು. ನಗುತ್ತಿದ್ದ ಆ ಪ್ರೇಕ್ಷಕರಲ್ಲಿ ಎಷ್ಟು ಮಂದಿಯ ಅಜ್ಜಿಯರು ಈಜಿಪ್ಟಿನವರೋ.

ಇದರ ಪಕ್ಕದಲ್ಲಿ ಈಸ್ಕಿಲಸ್‌ನನ್ನು ಇಡಬೇಕು. ಆತ ಮ್ಯಾರಥಾನ್‌ನಲ್ಲಿ ಪರ್ಷಿಯದ ಎದುರು ಹೋರಾಡಿದವನು. ಕ್ರಿ.ಪೂ. 472ರಲ್ಲಿ ಆತ ಆಡಿಸಿದ ನಾಟಕವನ್ನು ಬಿ.ಎಂ.ಶ್ರೀ.ಯವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಶತ್ರುವಿನ ಅರಮನೆಯಲ್ಲಿ ನಡೆಯುವ ಆ ನಾಟಕದ ಆರಂಭದಲ್ಲಿ ಪರ್ಷಿಯದ ರಾಣಿ ಒಂದು ಕನಸು ಕಾಣುತ್ತಾಳೆ. ಪರ್ಷಿಯದ ಉಡುಪಿನ ಒಬ್ಬಳು, ಡೋರಿಯನ್ ಉಡುಪಿನ ಇನ್ನೊಬ್ಬಳು, ಇಬ್ಬರೂ ಸುಂದರಿಯರು, ಜಗಳವಾಡುತ್ತಿದ್ದಾರೆ. ಅವರು ಒಂದೇ ಕುಲದ ಅಕ್ಕತಂಗಿಯರು. ಅಥೆನ್ಸಿನ ಕೋಟೆಯ ಮೇಲೆ ಸುಟ್ಟ ದೇವಾಲಯಗಳ ಕಲ್ಲುಗಳು ಹಾಗೇ ಬಿದ್ದಿದ್ದ ಕಾಲದಲ್ಲಿ, ಆ ದೇವಾಲಯಗಳನ್ನು ಕಳೆದುಕೊಂಡ ಜನರ ಮುಂದೆ, ಅವರೊಡನೆ ಹೋರಾಡಿದ ಕವಿ ಇದನ್ನು ಹೇಳಿದ. ಅದೇ ನಾಟಕದಲ್ಲಿ ಪರ್ಷಿಯನ್ನರು ತಮ್ಮನ್ನು ತಾವೇ ಬಾರ್ಬರರೆಂದು ಕರೆದುಕೊಳ್ಳುತ್ತಾರೆ ಎಂಬುದೂ ನಿಜ. ಎರಡೂ ಅಲ್ಲಿವೆ.

ಸ್ವಾಭಿಮಾನದ ಅಥೆನ್ಸ್ ತನ್ನೊಳಗೆ ಬಂದು ನೆಲೆಸಿದವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ನೋಡದೆ ಈ ವಿಷಯ ಮುಗಿಯುವುದಿಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸ್ ಒಂದು ಕಾನೂನು ತಂದ: ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ. ಈ ಕಾನೂನು ಮೊದಲೇ ಇದ್ದಿದ್ದರೆ ಪ್ರಜಾಪ್ರಭುತ್ವ ಕಟ್ಟಿದ ಕ್ಲೈಸ್ತನೀಸನಿಗೂ ಸಲಾಮಿಸ್ ಗೆದ್ದ ಥೆಮಿಸ್ಟೊಕ್ಲೀಸನಿಗೂ ಪೌರತ್ವ ದೊರೆಯುತ್ತಿರಲಿಲ್ಲ. ಇಬ್ಬರ ತಾಯಂದಿರೂ ಹೊರಗಿನವರು. ಪೆರಿಕ್ಲೀಸ್ ಮುಂದೆ ಬದುಕಿದ್ದು ಮಿಲೀಟಸ್‌ನ ಆಸ್ಪೇಸಿಯಳೊಡನೆ. ಪಿಡುಗಿನಲ್ಲಿ ತನ್ನ ಇಬ್ಬರು ಮಕ್ಕಳು ತೀರಿಕೊಂಡ ಮೇಲೆ, ಆಸ್ಪೇಸಿಯಳ ಮಗನಿಗೆ ಪೌರತ್ವ ಕೊಡಿರೆಂದು ತಾನೇ ಮಾಡಿದ ಕಾನೂನಿನಿಂದ ವಿನಾಯಿತಿ ಬೇಡಬೇಕಾಯಿತು. ಕೊಟ್ಟರು.

ಎಲ್ಲರಿಗೂ ಕೊಡಲಿಲ್ಲ. ಲಿಸಿಯಾಸ್‌ನ ತಂದೆ ಸಿರಕ್ಯೂಸ್‌ನಿಂದ ಬಂದು ಪಿರೀಯಸ್ ಬಂದರಿನಲ್ಲಿ ನೆಲೆಸಿದ ಶ್ರೀಮಂತ. ಪ್ಲೇಟೋನ ‘ರಿಪಬ್ಲಿಕ್’ ಸಂವಾದ ನಡೆಯುವುದು ಅವರ ಮನೆಯಲ್ಲೇ. ಇಂಥ ನೆಲಸಿಗರನ್ನು ಮೆಟಿಕ್ ಎನ್ನುತ್ತಿದ್ದರು. ಗಂಡಸು ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ ಕೊಡಬೇಕು, ತನ್ನ ಪರವಾಗಿ ನಿಲ್ಲುವ ಒಬ್ಬ ಪೌರನನ್ನು ತೋರಿಸಬೇಕು, ಯುದ್ಧ ಬಂದರೆ ಹೋರಾಡಬೇಕು. ಭೂಮಿ ಕೊಳ್ಳುವಂತಿಲ್ಲ, ಸಭೆಯಲ್ಲಿ ಮತ ಹಾಕುವಂತಿಲ್ಲ. ಕ್ರಿ.ಪೂ. 404ರಲ್ಲಿ ಅಧಿಕಾರ ಹಿಡಿದ ಮೂವತ್ತು ಮಂದಿ ಸರ್ವಾಧಿಕಾರಿಗಳು ಹಣಕ್ಕಾಗಿ ಮೆಟಿಕರ ಮೇಲೆ ಬಿದ್ದರು. ಲಿಸಿಯಾಸ್‌ನ ಅಣ್ಣನನ್ನು ಕೊಂದರು, ಆಸ್ತಿ ಕಿತ್ತುಕೊಂಡರು. ಲಿಸಿಯಾಸ್ ತಪ್ಪಿಸಿಕೊಂಡು ಹೋಗಿ, ಉಳಿದ ಹಣವನ್ನು ಪ್ರಜಾಪ್ರಭುತ್ವದ ಪಕ್ಷಕ್ಕೆ ಸುರಿದ. ಆ ಪಕ್ಷ ಗೆದ್ದು ಮರಳಿದಾಗ ಅವನಿಗೆ ಪೌರತ್ವ ಕೊಡುವ ನಿರ್ಣಯ ಅಂಗೀಕಾರವಾಯಿತು. ಮಂಡಿಸಿದ ವಿಧಾನದಲ್ಲಿ ಲೋಪವಿದೆಯೆಂದು ಅದನ್ನು ರದ್ದುಮಾಡಿದರು. ತಾಂತ್ರಿಕ ಕಾರಣ! ಆತ ಕೊನೆಯವರೆಗೂ ಮೆಟಿಕನಾಗಿಯೇ ಉಳಿದು, ನ್ಯಾಯಾಲಯದಲ್ಲಿ ತಾವೇ ಮಾತನಾಡಬೇಕಾಗಿದ್ದ ಅಥೆನ್ಸಿನ ಪೌರರಿಗೆ ಭಾಷಣಗಳನ್ನು ಬರೆದುಕೊಡುತ್ತ ಬದುಕಿದ. ಶತಮಾನಗಳ ನಂತರ ವಿಮರ್ಶಕ ಡಯೊನೀಸಿಯಸ್, ಅಥೆನ್ಸಿನ ಭಾಷೆಯ ಶುದ್ಧ ರೂಪಕ್ಕೆ ಮಾದರಿ ಯಾರದೆಂದರೆ ಲಿಸಿಯಾಸ್‌ನದು ಎಂದು ತೀರ್ಮಾನ ಕೊಟ್ಟ. ಈ ವಿಮರ್ಶಕನ ಊರೂ ಹ್ಯಾಲಿಕಾರ್ನಾಸಸ್.

ನಾನು ಅಂದು ಸಭೆಯಲ್ಲಿ ಹೇಳಬೇಕೆಂದಿದ್ದುದು ಮುಖ್ಯವಾಗಿ ಲಿಸಿಯಾಸ್‌ನ ಕಥೆ. ಆ ನಗರದ ಭಾಷೆಯನ್ನು ಅತ್ಯಂತ ಚೆನ್ನಾಗಿ ಬರೆದವನಿಗೆ ಆ ನಗರದವನಾಗಲು ಆಗಲಿಲ್ಲ. ಗಟ್ಟಿತನವೆಂದು ನಾವು ಮೆಚ್ಚುವುದರ ಬೆಲೆಯನ್ನು ಯಾರೋ ತೆತ್ತಿರುತ್ತಾರೆ. ಹೊರನಾಡಿನಲ್ಲಿರುವ ನಾವು ಆ ಲೆಕ್ಕದಲ್ಲಿ ಮೆಟಿಕರ ಸಾಲಿನಲ್ಲಿ ಬರುತ್ತೇವೆಯೇ ಹೊರತು ಪೆರಿಕ್ಲೀಸನ ಸಾಲಿನಲ್ಲಲ್ಲ.

ಅದೇ ಅಥೆನ್ಸಿನಲ್ಲಿ ಕ್ರಿ.ಪೂ. 380ರ ಸುಮಾರಿಗೆ ಐಸೊಕ್ರಟೀಸ್ ಬೇರೆ ಬಗೆಯ ಮಾತನಾಡಿದ. ಹೆಲೆನ್ ಎಂಬ ಹೆಸರು ಈಗ ಕುಲವನ್ನು ಸೂಚಿಸುವುದಿಲ್ಲ, ಒಂದು ಮನೋಧರ್ಮವನ್ನು ಸೂಚಿಸುತ್ತದೆ. ನಮ್ಮ ರಕ್ತ ಹಂಚಿಕೊಂಡವರಿಗಿಂತ ನಮ್ಮ ಶಿಕ್ಷಣ ಹಂಚಿಕೊಂಡವರೇ ಹೆಲೆನ್ನರು ಎಂಬುದು ಅದರ ಸಾರ. ಬಾಗಿಲು ತೆರೆದ ಮಾತೆಂದು ಇದನ್ನು ಹೊಗಳುವುದುಂಟು. ನನಗೆ ಅಷ್ಟು ಉತ್ಸಾಹವಿಲ್ಲ. ನಮ್ಮ ಶಿಕ್ಷಣ ಎಂದರೆ ಅಲ್ಲಿ ಅಥೆನ್ಸಿನ ಶಿಕ್ಷಣ, ಮತ್ತು ಆ ಭಾಷಣದ ಗುರಿ ಗ್ರೀಕರನ್ನೆಲ್ಲ ಒಗ್ಗೂಡಿಸಿ ಪರ್ಷಿಯದ ಮೇಲೆ ಯುದ್ಧಕ್ಕೆ ಕಳಿಸುವುದು. ಆದರೂ ಆ ಮಾತು, ಆಡಿದವನು ಊಹಿಸದಷ್ಟು ದೂರ ಹೋಯಿತು. ಅಲೆಕ್ಸಾಂಡರನ ದಂಡಯಾತ್ರೆಯ ನಂತರ ಅಫ್ಘಾನಿಸ್ತಾನದ ಐಖಾನುಮ್‌ನಲ್ಲಿ ಒಂದು ಗ್ರೀಕ್ ನಗರ ಎದ್ದಿತು. ವ್ಯಾಯಾಮಶಾಲೆ, ರಂಗಮಂದಿರ ಎಲ್ಲ ಇದ್ದ ಆ ಊರಿನ ದೊಡ್ಡ ದೇವಾಲಯದ ವಿನ್ಯಾಸ ಮಾತ್ರ ಮೆಸೊಪೊಟೇಮಿಯದ್ದು. ಕಂದಹಾರದಲ್ಲಿ ಸಿಕ್ಕ ಇನ್ನೊಂದು ಶಿಲಾಲೇಖ 2004ರಲ್ಲಿ ಪ್ರಕಟವಾಯಿತು. ಮನೆತನದ ಸಂಪತ್ತು ಕರಗಿತು, ಸಾಲ ತಂದು ಪರದೇಶಗಳಲ್ಲಿ ವ್ಯಾಪಾರ ಮಾಡಿದೆ, ಮರಳಿ ಬಂದು ಮನೆ ಕಟ್ಟಿದೆ ಎಂದು ಒಬ್ಬ ಪ್ರೌಢ ಗ್ರೀಕ್ ಪದ್ಯಗಳಲ್ಲಿ ಹೇಳಿಕೊಂಡಿದ್ದಾನೆ. ಸಾಲುಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ಅವನ ಹೆಸರು ಬರುತ್ತದೆ: ನಾರಾಟೋಸ್‌ನ ಮಗ ಸೋಫೈಟೋಸ್. ಎರಡೂ ಭಾರತೀಯ ಹೆಸರುಗಳು. ಬಹುಶಃ ನಾರದ ಮತ್ತು ಸುಭೂತಿ. ಐಸೊಕ್ರಟೀಸನ ಲೆಕ್ಕದಲ್ಲಿ ಇವನು ಪೂರ್ತಿ ಗ್ರೀಕ.

ಅದೇ ಕಂದಹಾರದಲ್ಲಿ ಅಶೋಕನ ಶಾಸನಗಳು ಗ್ರೀಕಿನಲ್ಲಿವೆ. ಹನ್ನೆರಡನೆಯ ಶಿಲಾಶಾಸನದ ಕೊನೆಯ ಭಾಗ ಅಲ್ಲಿ ಉಳಿದಿದೆ: ಪರರ ಮತವನ್ನು ಹಳಿಯಬೇಡಿ, ನಾಲಗೆಯ ಮೇಲೆ ಹಿಡಿತವಿರಲಿ ಎಂಬುದನ್ನು ಹೇಳುವ ಶಾಸನ. ಪ್ರಾಕೃತದ ಧರ್ಮಕ್ಕೆ ಅನುವಾದಕ ದೈವಭಕ್ತಿಯ ಗ್ರೀಕ್ ಪದವನ್ನೂ, ಪಂಥ ಎಂಬುದಕ್ಕೆ ಗ್ರೀಕ್ ತತ್ತ್ವಶಾಲೆಗಳಿಗೆ ಬಳಸುವ ಪದವನ್ನೂ ಹಾಕಿದ್ದಾನೆ. ಇದೇ ಹನ್ನೆರಡನೆಯ ಶಾಸನದ ಪ್ರಾಕೃತ ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಕುಳಿತಿತ್ತು. 1980ರ ದಶಕದಲ್ಲಿ ಮಾಡು ಕುಸಿದ ಮೇಲೆ ಅದು ಬೆಳಕಿಗೆ ಬಂತು.

ಪುಣೆ, ಮುಂಬಯಿಯ ಗೆಳೆಯರು ಮುಂದಿನ ಮಳೆಗಾಲದಲ್ಲಿ ಕಾರ್ಲೆಯ ಗುಹೆಗಳಿಗೆ ಹೋದಾಗ ಚೈತ್ಯದೊಳಗಿನ ಕಂಬಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೇವಿಯ ದರ್ಶನದ ಸಾಲು ಹೊರಗೆ ಉದ್ದವಿರುತ್ತದೆ; ಒಳಗೆ ಜನ ಕಡಿಮೆ. ಹಲವು ಕಂಬಗಳು ಧೇನುಕಾಕಟದ ಯವನರು ಕೊಟ್ಟ ದಾನ. ಒಬ್ಬನ ಹೆಸರು ಸಿಹಧಯ, ಅಂದರೆ ಸಿಂಹಧ್ವಜ, ಇನ್ನೊಬ್ಬನದು ಧಮ್ಮ. ಹೆರೊಡೋಟಸನ ನಾಲ್ಕು ಲಕ್ಷಣಗಳನ್ನು ಹಿಡಿದು ಆ ಕಂಬದ ಮುಂದೆ ನಿಂತು ನೋಡಿ. ಹೆಸರು ಈ ನೆಲದ್ದು, ರಕ್ತಕ್ಕೆ ಪುರಾವೆಯಿಲ್ಲ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ದಾನ ಕೊಟ್ಟದ್ದು ಬೌದ್ಧ ಸಂಘಕ್ಕೆ, ಕೊಟ್ಟ ರೀತಿ ಸುತ್ತಲಿನ ವರ್ತಕರೆಲ್ಲರ ರೀತಿ. ಇಷ್ಟಾದ ಮೇಲೂ ಶಿಲ್ಪಿಗೆ ಹೇಳಿ, ತನ್ನ ಹೆಸರಿನ ಜೊತೆಗೆ ಆ ಮೂರು ಅಕ್ಷರಗಳನ್ನು ಅವನು ಕೆತ್ತಿಸಿದ್ದಾನೆ: ಯವನ.